ಅಂಗಿಯ ಅಡಿಯ 700 ಗ್ರಾಂ

ಹೋದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ, ನಿಮ್ಮ ಓರಗೆಯ ಹುಡುಗನೊಬ್ಬ ನನ್ನನ್ನು ಮೆಟ್ಟಿಲ ಬಳಿಗೆ ಕರೆದ. ತಂದೆಯ ಚಿನ್ನಬೆಳ್ಳಿ ಅಂಗಡಿಯನ್ನು ಈಗ ನೋಡಿಕೊಳ್ಳುತ್ತಿರುವವನು ಅವನೇ. "ಅಂಕಲ್, ನನಗೆ ಪಿಸ್ತೂಲಿನ ಲೈಸೆನ್ಸ್ ಸಿಕ್ತು. ಪ್ಯಾಂಟಿನ ಹೊರಗೆ ಬೆಲ್ಟಿಗೆ ಹಾಕುವ ಹೋಲ್‌ಸ್ಟರ್ ಬೇಕು. ತೆಳ್ಳಗಿರಬೇಕು, ಯಾರಿಗೂ ಕಾಣಬಾರದು. ಯಾವುದು ತಗೊಳ್ಳಲಿ?" ಎಂದ. ಮೆಟ್ಟಿಲ ಮೇಲೆ ಐದು ನಿಮಿಷದಲ್ಲಿ ಏನೋ ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ, ಹೇಳಬೇಕಾದದ್ದನ್ನು ಹೇಳಲಿಲ್ಲ ಅನ್ನಿಸಿತು. ಅದಕ್ಕೇ ನಿಮ್ಮೆಲ್ಲರ ಮುಂದೆ ಈ ಪುರಾಣ.

1990ರ ದಶಕದ ಮುಂಬಯಿ ನಿಮಗೆ ಸಿನಿಮಾಗಳಿಂದಷ್ಟೇ ಗೊತ್ತು. ಆಗ ಬಿಲ್ಡರುಗಳಿಗೆ ಮಾತ್ರವಲ್ಲ, ಇಡ್ಲಿ ದೋಸೆ ಮಾರುವ ನಮ್ಮಂಥವರಿಗೂ ಹಫ್ತಾ ಕೇಳುವ ಫೋನುಗಳು ಬರುತ್ತಿದ್ದವು. ನಮ್ಮ ಹೋಟೆಲಿಗೆ ಬಂದದ್ದು ಎರಡೇ ಫೋನು. ಆದರೆ ನಿದ್ದೆಗೆಡಲು ಒಂದೇ ಸಾಕಿತ್ತು. ಅರ್ಜಿ ಹಾಕಿ, ಠಾಣೆಗೆ ಅಲೆದು, ಲೈಸೆನ್ಸ್ ಪಡೆದು, ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೊಂಡೆ. ಆರು ಗುಂಡು, ಮೂರು ಅಂಗುಲದ ನಳಿಗೆ, ತೂಕ ಸುಮಾರು 700 ಗ್ರಾಂ. ಅದಕ್ಕೆ ಕೊಟ್ಟ ದುಡ್ಡು ನೋಡಿ ಕೈ ನಡುಗಿತ್ತು. ಹಾಗಾಗಿ ಹೋಲ್‌ಸ್ಟರ್ ವಿಷಯದಲ್ಲಿ ಜಿಪುಣತನ ಮಾಡಿದೆ. ಮೆತ್ತನೆಯ ನೈಲಾನ್ ಚೀಲ, ಹಿಂದೊಂದು ಕ್ಲಿಪ್ಪು. ತೆಳ್ಳಗಿತ್ತು, ಹಗುರವಾಗಿತ್ತು, ಬುಷ್‌ಶರ್ಟಿನ ಕೆಳಗೆ ಕಾಣುತ್ತಲೂ ಇರಲಿಲ್ಲ. ಹುಡುಗ ಕೇಳಿದ್ದು ಇಂಥದ್ದನ್ನೇ.

1998ರಲ್ಲಿ ಮಾಟುಂಗಾದಲ್ಲಿ ನಮ್ಮವರದೇ ಒಂದು ಮದುವೆ. ಬ್ಯಾಂಕಿಗೆ ಹಣ ಕಟ್ಟಿ ನೇರವಾಗಿ ಅಲ್ಲಿಗೆ ಹೋದೆ. ಮೂರನೆಯ ಪಂಕ್ತಿಗೆ ಬಡಿಸುವವರು ಕಡಿಮೆ ಎಂದು ಯಾರೋ ಕೈಗೆ ಸಾರಿನ ಬಕೆಟ್ ಕೊಟ್ಟರು. ಹೋಟೆಲಿನವನಲ್ಲವೇ, ಉತ್ಸಾಹ ಬಂತು. ನೆಲದ ಪಂಕ್ತಿ, ಪ್ರತಿ ಎಲೆಗೂ ಬಗ್ಗಬೇಕು. ಏಳನೆಯದೋ ಎಂಟನೆಯದೋ ಎಲೆಗೆ ಬಗ್ಗಿದಾಗ ಸೊಂಟ ಒಮ್ಮೆಲೇ ಹಗುರಾಯಿತು. ರಿವಾಲ್ವರ್ ಠಣ್ ಎಂದು ನೆಲಕ್ಕೆ ಬಿದ್ದು, ಜಾರಿ, ನಾಲ್ಕೈದು ವರ್ಷದ ಒಂದು ಮಗುವಿನ ಎಲೆಯ ಅಂಚಿಗೆ ಹೋಗಿ ನಿಂತಿತು. ಆರೂ ಗುಂಡು ಒಳಗಿದ್ದವು. ಸಿಡಿಯಲಿಲ್ಲ. ಮಗು ಆಟಿಕೆಯೆಂದು ಕೈ ಚಾಚಿತು. ಪಕ್ಕದಲ್ಲಿದ್ದ ಅಜ್ಜಿ ಅದರ ರಟ್ಟೆ ಹಿಡಿದು ಎಳೆದ ರಭಸಕ್ಕೆ ಎಲೆಯೇ ಮಗುಚಿತು.

ಆ ಸಾಲಿನಲ್ಲಿ ಯಾರೂ ಮತ್ತೆ ಊಟ ಮಾಡಲಿಲ್ಲ. ನನ್ನ ಹೆಂಡತಿ ಮೂರು ದಿನ ಮಾತಾಡಲಿಲ್ಲ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಕೂಟ, ಶಾಲಾ ಕಾಲೇಜುಗಳ ಆವರಣ, ಇಲ್ಲಿಗೆಲ್ಲ ವಿಶೇಷ ಅನುಮತಿಯಿಲ್ಲದೆ ಆಯುಧ ಒಯ್ಯಬಾರದೆಂದು ಲೈಸೆನ್ಸಿನ ಷರತ್ತಿನಲ್ಲೇ ಇದೆ. ಅದನ್ನು ಓದಿದ್ದೆ, ಮದುವೆ ಅದರಲ್ಲಿ ಸೇರುವುದಿಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡಿದ್ದೆ.

ಆಮೇಲೆ ಬುದ್ಧಿ ಬಂತು. ತೆಳ್ಳಗಿನ ಹೋಲ್‌ಸ್ಟರ್ ಎಂದರೆ ತೆಳ್ಳಗಿನ ಚರ್ಮದ್ದಲ್ಲ, ನೋಡಿ. ಮೆತ್ತನೆಯ ಚೀಲದ ಬಾಯಿ ಆಯುಧ ತೆಗೆದೊಡನೆ ಮುಚ್ಚಿಕೊಳ್ಳುತ್ತದೆ. ಮರಳಿ ಇಡುವಾಗ ಅದರ ಅಂಚು ಮಡಚಿ ಟ್ರಿಗರಿಗೆ ಸಿಕ್ಕಿಕೊಂಡರೆ ಗತಿಯೇನು? ಬೇಕಾದದ್ದು ಗಟ್ಟಿ ಚರ್ಮ, ಚಪ್ಪಟೆ ಹೊಲಿಗೆ. ಎರಡು ಪದರಗಳ ನಡುವೆ ಆಯುಧ, ಅದರ ಮುಂದೊಂದು ಹಿಂದೊಂದು ದೂರದೂರಕ್ಕೆ ಬೆಲ್ಟಿನ ಸೀಳು. ಬೆಲ್ಟು ಬಿಗಿದಾಗ ಎರಡೂ ಕಡೆಯಿಂದ ಎಳೆದು ಇಡೀ ಹೋಲ್‌ಸ್ಟರನ್ನು ಮೈಗೆ ಒತ್ತುತ್ತದೆ. ಹೊರಗಿದ್ದರೂ ಉಬ್ಬು ಕಾಣದಿರುವ ಗುಟ್ಟು ಇಷ್ಟೇ. ಅಮೆರಿಕದವರು ಇದನ್ನು ಪ್ಯಾನ್‌ಕೇಕ್ ಎನ್ನುತ್ತಾರೆ. ನಾನು ದೋಸೆ ಎನ್ನುತ್ತೇನೆ. ಪ್ಯಾಂಟಿನ ಒಳಗೆ ಸಿಕ್ಕಿಸುವಂಥದ್ದು ಇನ್ನೂ ಚೆನ್ನಾಗಿ ಅಡಗುತ್ತದೆ, ನಿಜ. ಆದರೆ ರಿವಾಲ್ವರಿನ ಸಿಲಿಂಡರ್ ದಪ್ಪ, ನನ್ನ ಹೊಟ್ಟೆ ಅದಕ್ಕಿಂತ ದಪ್ಪ, ಮೇಲೆ ಮುಂಬಯಿಯ ಬೆವರು. ಒಂದು ವಾರ ಪ್ರಯತ್ನಿಸಿ ಬಿಟ್ಟೆ.

ಧಾರಾವಿಯಲ್ಲಿ ಚರ್ಮದ ಕೆಲಸ ಮಾಡುವ ಒಬ್ಬರನ್ನು ಹುಡುಕಿದೆ. ರಿವಾಲ್ವರನ್ನು ಅಲ್ಲಿಗೆ ಒಯ್ಯಲಿಲ್ಲ. ಬಡಗಿಯಿಂದ ಅದರದೇ ಅಳತೆಯ ಮರದ ಅಚ್ಚು ಮಾಡಿಸಿ ಕೊಟ್ಟೆ. ಅವರು ಚರ್ಮವನ್ನು ನೆನೆಸಿ, ಅಚ್ಚಿನ ಸುತ್ತ ಒತ್ತಿ, ಒಣಗಿಸಿ ಹೊಲಿದರು. ಟ್ರಿಗರಿನ ಭಾಗ ಪೂರ್ತಿ ಮುಚ್ಚಿರಬೇಕು, ಹಿಡಿ ಮುಂದಕ್ಕೆ ತುಸು ವಾಲಿರಬೇಕು. ಇಲ್ಲವಾದರೆ ಅಂಗಿಯ ಹಿಂಭಾಗವನ್ನು ಅದು ಗೂಟದಂತೆ ಎತ್ತುತ್ತದೆ. ಒಂದೂವರೆ ಅಂಗುಲದ ಗಟ್ಟಿ ಬೆಲ್ಟು, ಸೀಳೂ ಅಷ್ಟೇ ಅಗಲ. ಸೀಳು ಸಡಿಲವಾಗಿದ್ದರೆ ಹೋಲ್‌ಸ್ಟರ್ ತೂಗಾಡುತ್ತದೆ. ಮನೆಗೆ ತಂದು ಅಚ್ಚನ್ನು ಅದರಲ್ಲಿಟ್ಟು ಹಾಸಿಗೆಯ ಮೇಲೆ ತಲೆಕೆಳಗು ಮಾಡಿ ಕೊಡವಿದೆ. ಆಮೇಲೆ ಬಾಗಿಲು ಹಾಕಿಕೊಂಡು, ಸೊಂಟಕ್ಕೆ ಕಟ್ಟಿ, ಖಾಲಿ ಬಕೆಟ್ ಹಿಡಿದು, ಇಪ್ಪತ್ತು ಸಲ ಬಗ್ಗಿದೆ. ಹೆಂಡತಿ ಕಿಟಕಿಯಿಂದ ನೋಡಿ ನಕ್ಕಳು. ಆ ಮದುವೆಯ ನಂತರ ಈ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು.

ಈಗ ಪ್ಲಾಸ್ಟಿಕ್ಕಿನ, ಕೈಡೆಕ್ಸ್ ಎಂಬ ಹಾಳೆಯನ್ನು ಬಿಸಿಮಾಡಿ ಒತ್ತಿದ ಹೋಲ್‌ಸ್ಟರುಗಳಿವೆ. ಬೆವರಿಗೂ ಮಳೆಗೂ ಜಗ್ಗುವುದಿಲ್ಲ. ಹುಡುಗನ ಪಿಸ್ತೂಲು ಚಪ್ಪಟೆಯದು, ಅವನಿಗೆ ಅದೇ ವಾಸಿ ಎನ್ನಬಹುದು. ಚರ್ಮಕ್ಕೆ ನಮ್ಮ ಮಳೆಗಾಲ ಶತ್ರು. ಒಂದು ಶ್ರಾವಣದಲ್ಲಿ ರಿವಾಲ್ವರನ್ನು ಚರ್ಮದೊಳಗೇ ಬಿಟ್ಟಿದ್ದೆ. ತೆಗೆದಾಗ ನಳಿಗೆಯ ಮೇಲೆ ಕಂದು ಚುಕ್ಕೆ, ಚರ್ಮದ ಮೇಲೆ ಬೂಷ್ಟು. ಮನೆಗೆ ಬಂದ ಕೂಡಲೇ ಆಯುಧ ಬೀಗದ ಕಪಾಟಿಗೆ, ಗುಂಡು ಬೇರೆ ಕಡೆ, ಹೋಲ್‌ಸ್ಟರ್ ಗಾಳಿಗೆ.

ಇನ್ನು ಕಾಣಬಾರದು ಎಂಬ ಮಾತು. ಲೋಕಲ್ ಟ್ರೇನಿನಲ್ಲಿ ಮೇಲಿನ ಹಿಡಿಕೆಗೆ ಕೈ ಎತ್ತಿ ನೋಡಿ, ಅಂಗಿ ಎಲ್ಲಿಗೆ ಹೋಗುತ್ತದೆಂದು. ಮೇಲಾಗಿ ಆ ನೂಕುನುಗ್ಗಲಿನಲ್ಲಿ ಯಾರ ಕೈ ಎಲ್ಲಿರುತ್ತದೋ! ಕಟ್ಟಿಕೊಂಡ ದಿನ ನಾನು ಟ್ರೇನು ಹತ್ತುವುದನ್ನೇ ಬಿಟ್ಟೆ. 2016ರ ಆಯುಧ ನಿಯಮಗಳ ಪ್ರಕಾರವೂ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರಿನಂಥ ಒರೆಯಲ್ಲಿ, ಪೂರ್ತಿ ಮುಚ್ಚಿಕೊಂಡಿರಬೇಕು. ನಮ್ಮ ಸಂಘದ ಕೊಡಗಿನ ಗೆಳೆಯರೊಬ್ಬರು ಮದುವೆಗೆ ಕೆಂಪು ಚೇಲೆಯಲ್ಲಿ ಪೀಚೆಕತ್ತಿ ಸಿಕ್ಕಿಸಿ ಬರುತ್ತಾರೆ, ಮಕ್ಕಳು ಹತ್ತಿರ ಹೋಗಿ ಬೆಳ್ಳಿಯ ಕೆಲಸ ನೋಡುತ್ತಾರೆ. ನನ್ನದು ಅಂಥ ಆಭರಣವಲ್ಲ. ಫೋನಿನಲ್ಲಿ ನೀವು ನೋಡುವ ಅಮೆರಿಕದ ವಿಡಿಯೋಗಳಲ್ಲಿ ಎಷ್ಟು ಸೆಕೆಂಡಿನಲ್ಲಿ ಹೊರಗೆ ತೆಗೆಯಬಹುದೆಂಬ ಲೆಕ್ಕವೇ ಹೆಚ್ಚು. ಟೆಕ್ಸಸ್‌ನಂಥ ರಾಜ್ಯದಲ್ಲಿ 2021ರಿಂದ ಹೆಚ್ಚಿನ ವಯಸ್ಕರಿಗೆ ಅದನ್ನು ಕಟ್ಟಿಕೊಳ್ಳಲು ಪರವಾನಗಿಯೇ ಬೇಕಿಲ್ಲ. ನಾನು ಅಷ್ಟು ವರ್ಷ ಕಟ್ಟಿಕೊಂಡೆ, ಶತ್ರುವಿನ ಮುಂದೆ ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಅದು ಹೊರಗೆ ಬಂದದ್ದು ಆ ಮಗುವಿನ ಎಲೆಯ ಮುಂದೆ ಮಾತ್ರ.

ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದೆ. 2014ರಲ್ಲಿ ಹಾಗೆ ಒಪ್ಪಿಸಿ ಬಂದಾಗ ಆ ಹಗುರ ನಡಿಗೆ ಹಿತವೆನಿಸಿತು. ಹೋಟೆಲನ್ನೂ ಮಗನಿಗೆ ಬಿಟ್ಟಿದ್ದೆ. ಮುಂದಿನ ವರ್ಷ ಲೈಸೆನ್ಸ್ ಮರಳಿಸಿದೆ. ಹೋಲ್‌ಸ್ಟರ್ ಇನ್ನೂ ಮನೆಯಲ್ಲಿದೆ, ಒಳಗೆ ಮರದ ಅಚ್ಚು.

ಬರುವ ಭಾನುವಾರ ಆ ಹುಡುಗನನ್ನು ಮನೆಗೆ ಕರೆದಿದ್ದೇನೆ. ಪಿಸ್ತೂಲು ಮನೆಯಲ್ಲೇ ಇರಲಿ, ಕೊಂಡ ಹೋಲ್‌ಸ್ಟರ್, ಬೆಲ್ಟು, ಅದರ ಅಳತೆಯದೊಂದು ಮರದ ಅಚ್ಚು ತಾ ಎಂದಿದ್ದೇನೆ. ಸಾರಿನ ಬಕೆಟ್ ನಮ್ಮಲ್ಲಿದೆ.