ಲಂಡನ್ನಿನಲ್ಲಿ ಕಂಡ ಹುಲಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಗೂರು ಒಂದು ಹೋಬಳಿ ಕೇಂದ್ರ. ಅಲ್ಲಿಯ ರೈತರೊಬ್ಬರು ರಾಗಿ, ತೆಂಗು, ಹಿಪ್ಪುನೇರಳೆಗಳ ನಡುವೆಯೇ ಬಾಳನ್ನು ಸವೆಸಿದವರು. ಮಗ ಲಂಡನ್ನಿನಲ್ಲಿ ನೆಲೆಸಿ ಹನ್ನೆರಡು ವರ್ಷಗಳು ಕಳೆದ ಮೇಲೆ, ಅವನ ಒತ್ತಾಯಕ್ಕೆ ಕಟ್ಟುಬಿದ್ದು, ಪತ್ನಿಯೊಡನೆ ಒಂದು ಬೇಸಗೆಯಲ್ಲಿ ಅಲ್ಲಿಗೆ ಹೋದರು. ಜೂನ್ ತಿಂಗಳ ಒಂದು ಶನಿವಾರ ಮಗ, ಸೊಸೆ ಮತ್ತು ಹತ್ತು ವರ್ಷದ ಮೊಮ್ಮಗಳು ಹಿರಿಯರಿಬ್ಬರಿಗೂ ನಗರವನ್ನು ತೋರಿಸಲು ಹೊರಟರು. ಮೊಮ್ಮಗಳಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ.

ಮೊದಲು ಅವರು ಥೇಮ್ಸ್ ನದಿಯ ದಂಡೆಗೆ ಬಂದರು. "ನಮ್ಮ ಶಿಂಷೆಗಿಂತ ಅಗಲ, ಬಣ್ಣ ಮಾತ್ರ ಮಳೆಗಾಲದ ಶಿಂಷೆಯದೇ" ಎಂದರು ತಾತ. ಅಲ್ಲಿ, ಲ್ಯಾಂಬೆತ್ ಎಂಬ ಭಾಗದಲ್ಲಿ, ನದಿಯ ದಂಡೆಯ ಮೇಲೆಯೇ ಬಸವಣ್ಣನವರ ಪ್ರತಿಮೆಯಿದೆ. ಭಾರತದ ಪ್ರಧಾನಮಂತ್ರಿಗಳು 2015ರ ನವೆಂಬರ್ 14ರಂದು ಅದನ್ನು ಅನಾವರಣಗೊಳಿಸಿದರು. ಹನ್ನೆರಡನೆಯ ಶತಮಾನದ ಕನ್ನಡ ಶರಣನನ್ನು ಅಷ್ಟು ದೂರದಲ್ಲಿ ಕಂಡು ಅಜ್ಜಿಗೆ ಮಾತು ಹೊರಡಲಿಲ್ಲ. ಚಪ್ಪಲಿಯನ್ನು ಬದಿಗೆ ಬಿಟ್ಟು, ತಣ್ಣನೆಯ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ಕೈಮುಗಿದರು. ದಾರಿಹೋಕನೊಬ್ಬ ಅದನ್ನು ಕಂಡು, ಅವರ ಮುಂದೆ ಹಾಯದೆ, ಸುತ್ತು ಬಳಸಿ ಹೋದನು.

ಹತ್ತಿರದ ಬೆಂಚಿನ ಮೇಲೆ ಕುಳಿತು, ಮನೆಯಿಂದ ತಂದಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿಯನ್ನು ಬಿಚ್ಚಿದರು. ಹೋಟೆಲಿಗೆ ಹೋಗೋಣವೆಂದು ಮಗ ಎಷ್ಟು ಹೇಳಿದರೂ, ಪೌಂಡುಗಳನ್ನು ರೂಪಾಯಿಗೆ ಲೆಕ್ಕ ಹಾಕಿದ್ದ ಅಜ್ಜಿ ಒಪ್ಪಿರಲಿಲ್ಲ.

ಮಧ್ಯಾಹ್ನ ನೆಲದೊಳಗಿನ ರೈಲಿನಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋದರು. ಅಲ್ಲಿ ಟಿಪ್ಪು ಸುಲ್ತಾನನ ಹುಲಿಯಿದೆ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಹುಲಿ ಐರೋಪ್ಯ ಸೈನಿಕನೊಬ್ಬನ ಮೇಲೆ ಎರಗಿ ಅವನ ಕೊರಳನ್ನು ಹಿಡಿದಿದೆ. ಉದ್ದ ಸುಮಾರು ಒಂದು ಮುಕ್ಕಾಲು ಮೀಟರು. ಹುಲಿಯ ಒಡಲಿನಲ್ಲಿ ತಿದಿಗಳೂ ಕೊಳವೆಗಳೂ ಅಡಗಿವೆ. ಬದಿಯ ಹಿಡಿಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೇಳುವಂತೆ, ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳುವಂತೆ ಇದನ್ನು ರಚಿಸಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಬಳಿಕ, ಅರಮನೆಯಲ್ಲಿ ದೊರೆತ ಈ ಹುಲಿಯನ್ನು ಗೆದ್ದವರು ಲಂಡನ್ನಿಗೆ ಸಾಗಿಸಿದರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಅದು ಜನರ ಕುತೂಹಲದ ವಸ್ತುವಾಗಿತ್ತು. ಈಗ ಗಾಜಿನ ಪೆಟ್ಟಿಗೆಯೊಳಗೆ ಮೌನವಾಗಿದೆ.

ಅಜ್ಜಿ ಹುಲಿಯನ್ನು ನೋಡಲಿಲ್ಲ. ಕೆಳಗೆ ಬಿದ್ದವನನ್ನೇ ನೋಡಿದರು. "ಪಾಪ, ಯಾವ ತಾಯಿ ಹೆತ್ತ ಮಗನೋ!" ಎಂದರು. ಮಗನಾದರೋ ಸಿಟ್ಟಿನಿಂದ, "ಇದು ನಮ್ಮ ಜಿಲ್ಲೆಯ ಸೊತ್ತು. ಇಲ್ಲಿರಬೇಕಾದದ್ದಲ್ಲ" ಎಂದನು. ಮೊಮ್ಮಗಳು ಪಕ್ಕದ ಫಲಕದ ಇಂಗ್ಲಿಷ್ ಬರಹವನ್ನು ಓದಿ ತಾತನಿಗೆ ಕನ್ನಡದಲ್ಲಿ ತಿಳಿಸಿ, ಬಳಿಕ ಕೇಳಿದಳು:

"ತಾತ, ಹುಲಿ ಇಲ್ಲಿಗೆ ಬಂತು. ಅಲ್ಲಿ ಏನೇನು ಉಳಿದಿದೆ? ನೀವು ನೋಡಿದ್ದೀರಲ್ಲ, ಹೇಳಿ."

ತಾತ ತಬ್ಬಿಬ್ಬಾದರು. ಮೈಸೂರಿಗೆ ಹೋಗುವಾಗಲೆಲ್ಲ ಶ್ರೀರಂಗಪಟ್ಟಣದ ಸೇತುವೆಯನ್ನು ಬಸ್ಸಿನಲ್ಲಿ ದಾಟಿದ್ದರು. ತಂದೆಯ ಅಸ್ಥಿಯನ್ನು ಬಿಡಲು ಒಮ್ಮೆ ಸಂಗಮಕ್ಕೂ ಹೋಗಿದ್ದರು. ಆದರೆ ಕೋಟೆಯನ್ನಾಗಲಿ ದರಿಯಾ ದೌಲತ್ತನ್ನಾಗಲಿ ನೋಡಬೇಕೆಂದು ಅಲ್ಲಿ ಇಳಿದವರಲ್ಲ. 'ನೋಡಿದ್ದೇನೆ' ಎಂದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಮಗುವಿನ ಕಣ್ಣುಗಳು ಮಾತ್ರ ಅವರ ಮುಖದಲ್ಲೇ ನೆಟ್ಟಿದ್ದವು.

"ಇಲ್ಲ ಕಣವ್ವ. ಹತ್ತಿರದಲ್ಲೇ ಇದೆ, ನಾಳೆ ನೋಡಿದರಾಯಿತು ಅಂದುಕೊಂಡೆ. ನೋಡಲೇ ಇಲ್ಲ" ಎಂದರು.

ಮಗನ ಸಿಟ್ಟು ತಣ್ಣಗಾಯಿತು. ಅವನೂ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು. ಕಳೆದುಹೋದ ವಸ್ತುವಿಗಾಗಿ ಮರುಗುವುದು ಸುಲಭ; ಉಳಿದಿರುವುದನ್ನು ಹೋಗಿ ನೋಡುವುದಕ್ಕೆ ಮನಸ್ಸು ಬೇಕು.

ಸಂಜೆ ಊಟಕ್ಕೆ ಈಸ್ಟ್ ಹ್ಯಾಮ್ ಬಡಾವಣೆಯ ಒಂದು ದಕ್ಷಿಣ ಭಾರತದ ಹೋಟೆಲಿಗೆ ಹೋದರು. ಎಲೆಯ ಮೇಲೆ ವಡೆ ಬಂದಿತು. "ಇದು ಬೇರೆ, ನಮ್ಮೂರ ವಡೆ ಬೇರೆ" ಎಂದ ತಾತ, ಆ ದಿನ ಮೊದಲ ಬಾರಿಗೆ ಉತ್ಸಾಹದಿಂದ ಕಥೆ ಹೇಳತೊಡಗಿದರು. ಮದ್ದೂರಿನ ರೈಲುನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದವರೊಬ್ಬರು, ಒಂದು ದಿನ ರೈಲು ಬೇಗ ಬಂದಾಗ, ಉಂಡೆ ಬೇಯುವವರೆಗೆ ಕಾಯಲಾರದೆ ಹಿಟ್ಟನ್ನು ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವು ಕೂಡಿದ ಆ ಗರಿಗರಿ ತಿಂಡಿಯೇ ಮದ್ದೂರು ವಡೆಯಾಯಿತಂತೆ.

"ಇದನ್ನಾದರೂ ನೋಡಿದ್ದೀರಾ?" ಎಂದು ಮೊಮ್ಮಗಳು ನಕ್ಕಳು.

"ತಿಂದೇ ಬೆಳೆದವನು!" ಎಂದು ತಾತನೂ ನಕ್ಕರು.

ಒಂಬತ್ತು ಗಂಟೆಯಾದರೂ ಹೊರಗೆ ಇನ್ನೂ ಬೆಳಕಿತ್ತು. ಮನೆಗೆ ಮರಳುವಾಗ ತಾತ ಹೆಚ್ಚು ಮಾತನಾಡಲಿಲ್ಲ.

ಆತಗೂರಿಗೆ ಹಿಂದಿರುಗಿದ ಮರುವಾರವೇ ತಾತ ಮತ್ತು ಅಜ್ಜಿ ಶ್ರೀರಂಗಪಟ್ಟಣಕ್ಕೆ ಹೋದರು. ಹುಲಿಯಿದ್ದ ಅರಮನೆ ಅಲ್ಲಿರಲಿಲ್ಲ. ಅದರ ತಳಪಾಯದ ಕುರುಹುಗಳಷ್ಟೇ ಇದ್ದವು. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಮಾತ್ರ ಉಳಿದಿತ್ತು. ಅದರ ಗೋಡೆಗಳ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರಗಳಿದ್ದವು. ಕಾವಲುಗಾರ ಬಾಗಿಲು ಹಾಕುವ ಹೊತ್ತಾಯಿತೆಂದು ಹೇಳುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಆ ರಾತ್ರಿ ತಾತ ಮೊಮ್ಮಗಳಿಗೆ ಪತ್ರ ಬರೆದರು. ಫೋನಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ಅವಳು ಕೂಡಿಸಿಕೊಂಡು ಓದಲೆಂದು ಕನ್ನಡದ ಅಕ್ಷರಗಳನ್ನು ದಪ್ಪವಾಗಿ, ಬಿಡಿಬಿಡಿಯಾಗಿ ಬರೆದರು: "ನಾನು ನೋಡಿದೆ. ಗೋಡೆಯ ತುಂಬ ಆನೆ, ಕುದುರೆ, ಸಿಪಾಯಿಗಳು. ಎಣಿಸಿ ಮುಗಿಯಲಿಲ್ಲ. ನೀನು ಬಾ. ಉಳಿದದ್ದನ್ನು ಇಬ್ಬರೂ ಎಣಿಸೋಣ."

ತಾಯಿಯಿಂದ ಒಂದೊಂದೇ ಅಕ್ಷರವನ್ನು ಕೇಳಿ ತಿಳಿದು ಆ ಪತ್ರವನ್ನು ಓದಿ ಮುಗಿಸಲು ಮಗುವಿಗೆ ಮೂರು ಸಂಜೆ ಹಿಡಿಯಿತು.