ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಒಂದು ಕಾರು

ನನ್ನಾಕೆಗೆ ಮಂಡಿನೋವು. ನಮ್ಮ ಹಳೆಯ ಪುಟ್ಟ ಕಾರಿನ ಸೀಟು ಬಲು ತಗ್ಗು. ಕೂರುವಾಗ ಒಂದು ‘ಅಯ್ಯಮ್ಮಾ’, ಏಳುವಾಗ ಎರಡು. ಕೊನೆಗೆ ಅವಳು ಹೊರಗೆ ಬರುವುದನ್ನೇ ಬಿಟ್ಟಳು. ಹೋದ ದಸರಾದಲ್ಲಿ ಮೈಸೂರಿನಲ್ಲೇ ಇದ್ದೂ ದೀಪಾಲಂಕಾರ ನೋಡಲಿಲ್ಲ. ಸೀಟು ಎತ್ತರದ ಕಾರು ಕೊಳ್ಳಲೇಬೇಕೆಂದು ಅಂದೇ ನಿಶ್ಚಯಿಸಿದೆ. ಹೊಸದಕ್ಕೆ ಪಿಂಚಣಿ ಒಪ್ಪುವುದಿಲ್ಲ. ಬ್ಯಾಂಕಿನಲ್ಲಿದ್ದ ಒಂದೇ ಠೇವಣಿ ಮುರಿದು ಹಳೆಯದನ್ನು ಕೊಳ್ಳಬೇಕು. ಎಡವಿದರೆ ಮತ್ತೆ ದುಡಿಯುವ ವಯಸ್ಸಲ್ಲ.

ಪರಿಚಯದವರ ಮೂಲಕ 2020ರ ಒಂದು ವಿಟಾರಾ ಬ್ರೆಝಾ ಕಣ್ಣಿಗೆ ಬಿತ್ತು. ಪೆಟ್ರೋಲ್, ಆಟೋಮ್ಯಾಟಿಕ್. ಮಾಲೀಕರದು ಒಂದೇ ಮಾತು: “ಸಾರ್, ಇದು ಹೈಬ್ರಿಡ್. ಪೆಟ್ರೋಲಿನ ಯೋಚನೆಯೇ ಬೇಡ.”

“ಹಾಗಾದ್ರೆ ಕರೆಂಟಲ್ಲಿ ಓಡುತ್ತಾ ತಾತ?” ಏಳನೇ ತರಗತಿಯ ಮೊಮ್ಮಗಳು ಕೇಳಿದಳು.

ಓಡುವುದಿಲ್ಲ. ಇದು ಮೈಲ್ಡ್ ಹೈಬ್ರಿಡ್. ನಮ್ಮ ಕಾಲದ ಸೈಕಲ್ಲಿಗೆ ಡೈನಮೋ ಇರುತ್ತಿತ್ತು. ಅದನ್ನು ಟೈರಿಗೆ ಒತ್ತಿದರೆ ದೀಪ ಉರಿಯುತ್ತಿತ್ತು, ಪೆಡಲ್ ಭಾರವಾಗುತ್ತಿತ್ತು. ಈ ಕಾರಿನಲ್ಲೂ ಎಂಜಿನ್ನಿಗೆ ಬೆಲ್ಟ್ ಹಾಕಿದ ಅಂಥದೊಂದು ಯಂತ್ರವಿದೆ. ವೇಗ ತಗ್ಗಿಸುವಾಗ ಆ ‘ಭಾರ’ದಿಂದ ವಿದ್ಯುತ್ ಮಾಡಿ ಪುಟ್ಟ ಲಿಥಿಯಂ ಬ್ಯಾಟರಿಯಲ್ಲಿ ಕೂಡಿಡುತ್ತದೆ. ವೇಗ ಹೆಚ್ಚಿಸುವಾಗ ಅದೇ ಡೈನಮೋ ತಿರುಗಿ ಎಂಜಿನ್ನಿಗೆ ಒಂದು ಕೈ ಕೊಡುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ, ಹೊರಡುವಾಗ ಸದ್ದಿಲ್ಲದೆ ಹೊತ್ತಿಸುತ್ತದೆ. ಅಷ್ಟೇ ಅದರ ಕೆಲಸ.

ಓಡಿಸಿ ನೋಡಲು ಹೊರಟೆವು. ಮೂರು ಸಿಗ್ನಲ್ ದಾಟಿದರೂ ಎಂಜಿನ್ ಒಮ್ಮೆಯೂ ಆರಲಿಲ್ಲ. ಮೊಮ್ಮಗಳೇ ಗಮನಿಸಿದ್ದು. “ಏಸಿ ಹಾಕಿದ್ದೀವಲ್ಲ, ಅದಕ್ಕೆ” ಎಂದರು ಮಾಲೀಕರು. ಅದೂ ಕಾರಣ ಇರಬಹುದು. ಏಸಿ ಆರಿಸಿದೆವು. ನಾಲ್ಕನೆಯ ಸಿಗ್ನಲ್ಲಿನಲ್ಲೂ ಎಂಜಿನ್ ಗುರುಗುಟ್ಟುತ್ತಲೇ ಇತ್ತು.

ನಂಬಿಕೆಯ ಮೆಕ್ಯಾನಿಕ್ ಯಂತ್ರ ಹಚ್ಚಿ ನೋಡಿದ. ಲಿಥಿಯಂ ಬ್ಯಾಟರಿ ಚೆನ್ನಾಗಿಯೇ ಇತ್ತು. ಬಾನೆಟ್ಟಿನ ಕೆಳಗಿನ ಮಾಮೂಲಿ ಬ್ಯಾಟರಿಗೆ ವಯಸ್ಸಾಗಿತ್ತು. ಅದು ಸೊರಗಿದರೆ ಕಾರು ಎಂಜಿನ್ ಆರಿಸುವ ಧೈರ್ಯ ಮಾಡುವುದಿಲ್ಲವಂತೆ. ಬೆಲ್ಟಿನಲ್ಲಿ ಬಿರುಕಿರಲಿಲ್ಲ. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ ದಾಖಲೆ ಸರ್ವಿಸ್ ಪುಸ್ತಕದಲ್ಲಿತ್ತು. ನನಗೆ ಅದೇ ದೊಡ್ಡ ಸಮಾಧಾನ. ಬಳಿಕ ಮೆಕ್ಯಾನಿಕ್ ಟೈರಿನ ಬದಿಯಲ್ಲಿದ್ದ ನಾಲ್ಕು ಅಂಕೆ ತೋರಿಸಿದ: 3420. ಅಂದರೆ 2020ನೇ ಇಸವಿಯ 34ನೇ ವಾರ ತಯಾರಾದದ್ದು. ಮಕ್ಕಳೇ, ನಿಮ್ಮ ಮನೆಯ ಗಾಡಿಯಲ್ಲೂ ಹುಡುಕಿ ನೋಡಿ. ಐದು ವರ್ಷದ ಟೈರುಗಳು ಮೇಲೆ ಹೊಳೆಯುತ್ತಿದ್ದರೂ ಬದಿಯಲ್ಲಿ ಸೀಳುಬಿಟ್ಟಿದ್ದವು.

ರಾತ್ರಿ ಮೊಮ್ಮಗಳು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಈ ಕಾರಿಗೆ ಕಂಪನಿ ಕೊಟ್ಟ ಮೈಲೇಜ್ ಲೀಟರಿಗೆ 18.76 ಕಿಲೋಮೀಟರ್, ಹೈಬ್ರಿಡ್ ಇಲ್ಲದ ಮ್ಯಾನ್ಯುಯಲ್ ಬ್ರೆಝಾಗೆ 17.03. ವರ್ಷಕ್ಕೆ ನಾವು 8,000 ಕಿಲೋಮೀಟರ್ ಓಡಿಸಿದರೆ ಒಂದಕ್ಕೆ ಸುಮಾರು 426 ಲೀಟರ್, ಇನ್ನೊಂದಕ್ಕೆ 470. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 4,400 ರೂಪಾಯಿ ವ್ಯತ್ಯಾಸ. ನಾಲ್ಕು ಟೈರಿಗೆ ಅಂಗಡಿಯವರು ಹೇಳಿದ್ದು 28,000. “ಆರು ವರ್ಷದ ಹೈಬ್ರಿಡ್ ಟೈರಿಗೇ ಹೋಯ್ತು ತಾತ!” ಎಂದು ನಕ್ಕಳು. ಕಂಪನಿಯ ಅಂಕಿ ಪರೀಕ್ಷೆಯ ಲೆಕ್ಕ; ಊರೊಳಗಿನ ಓಡಾಟಕ್ಕೆ 13 ಎಂದೇ ಇಟ್ಟುಕೊಂಡೆವು. ಆಗ ಪೆಟ್ರೋಲಿಗೇ ವರ್ಷಕ್ಕೆ 61,500. ಸರ್ವಿಸ್, ವಿಮೆ ಬೇರೆ. ನನ್ನ ಪಿಂಚಣಿಗೆ ಬಿಗಿಯೇ, ಆದರೆ ಉಸಿರುಗಟ್ಟುವಷ್ಟಲ್ಲ.

ಮರುದಿನ ಆ ಪುಟವನ್ನೇ ಮಾಲೀಕರ ಮುಂದಿಟ್ಟೆ. ಟೈರು, ಬ್ಯಾಟರಿ ಸೇರಿ 34,000. ಅವರು ಹುಡುಗಿಯ ಮುಖ ನೋಡಿ, ಪುಟ ನೋಡಿ, 30,000 ಇಳಿಸಿದರು. ಸಾಲ ಬಾಕಿಯಿಲ್ಲ, ದಂಡ ಬಾಕಿಯಿಲ್ಲ ಎಂದು ಖಚಿತಪಡಿಸಿಕೊಂಡು, ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಹಣ ಕೊಟ್ಟೆ. ಅದಕ್ಕೂ ಮೊದಲು ನನ್ನಾಕೆಯನ್ನು ಕರೆತಂದು ಎರಡು ಸಲ ಹತ್ತಿಸಿ ಇಳಿಸಿದ್ದೆ ಅನ್ನಿ. ಆ ಪರೀಕ್ಷೆ ಯಾವ ಮೆಕ್ಯಾನಿಕ್ಕೂ ಮಾಡಲಾರ.

ನೋಟ್‌ಬುಕ್ಕು ಈಗ ಕಾರಿನಲ್ಲೇ ಇರುತ್ತದೆ. ಟ್ಯಾಂಕ್ ತುಂಬಿಸಿದಾಗ ಮೀಟರ್ ಬರೆದುಕೊಂಡು, ಮುಂದಿನ ಸಲ ಮತ್ತೆ ತುಂಬಿಸಿ, ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸುತ್ತಾಳೆ. ಮೊದಲ ತಿಂಗಳು 13.6 ಬಂತು. ಅದರ ಕೆಳಗೆ ಇನ್ನೊಂದು ಸಾಲು: ಅಜ್ಜಿಯ ಅಯ್ಯಮ್ಮಾ - 1, ಸೀರೆ ಸೆರಗು ಬಾಗಿಲಿಗೆ ಸಿಕ್ಕಿದ್ದಕ್ಕೆ.