ಬಾಕಿ

ನಮ್ಮ ವಾಚನಾಲಯದ ಹಿಂದಿನ ಗದ್ದೆಯಲ್ಲಿ ಈಗ ಅಡಿಕೆ ಸಸಿಗಳಿವೆ. ನಡುವೆ ಎರಡು ಕಬ್ಬಿಣದ ಕಂಬಗಳು ತುಕ್ಕು ಹಿಡಿದು ನಿಂತಿವೆ. ಹೊಸಬರು ಬಂದರೆ "ಇದೆಂತದು, ಬಟ್ಟೆ ಒಣಗಿಸ್ಲಿಕ್ಕಾ?" ಎಂದು ಕೇಳುವುದುಂಟು. ಅಲ್ಲ, ಅವು ವಾಲಿಬಾಲಿನ ನೆಟ್ ಕಟ್ಟುತ್ತಿದ್ದ ಕಂಬಗಳು. ನಮ್ಮೂರಿಗೂ ಒಂದು ಲೀಗ್ ಇತ್ತು. ಒಂದೇ ವರ್ಷ ಬದುಕಿತು. ಅದರ ಖಜಾಂಚಿ ನಾನು.

2019ರ ಫೆಬ್ರವರಿಯಲ್ಲಿ ಪ್ರೊ ವಾಲಿಬಾಲ್ ಲೀಗ್ ಟಿ.ವಿ.ಯಲ್ಲಿ ಬರಲು ಶುರುವಾದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆರು ತಂಡ, ಅದರಲ್ಲಿ ಎರಡು ನಮ್ಮ ಕೇರಳದವು: ಕೊಚ್ಚಿ ಮತ್ತು ಕ್ಯಾಲಿಕಟ್. ಸೆಟ್ಟಿಗೆ 25ರ ಬದಲು 15 ಪಾಯಿಂಟು. ಕ್ಯಾಲಿಕಟ್ ಒಂದೂ ಪಂದ್ಯ ಸೋಲದೆ ಫೈನಲಿಗೆ ಹೋಗಿ, ಫೆಬ್ರವರಿ 22ರಂದು ಚೆನ್ನೈಯಲ್ಲಿ ಚೆನ್ನೈ ತಂಡಕ್ಕೇ ಸೋತಿತು. ಆ ರಾತ್ರಿ ವಾಚನಾಲಯದ ಟಿ.ವಿ. ಮುಂದೆ ಕೂತವರಿಗೆಲ್ಲ ಮನೆಯವರೇ ಸೋತ ಹಾಗಾಗಿತ್ತು. ಆ ಲೀಗಿನ ಎರಡನೆಯ ವರ್ಷ ಬರಲೇ ಇಲ್ಲ. ಆದರೆ ಕಿಡಿ ನಮ್ಮ ಹುಡುಗರಿಗೆ ಹತ್ತಿಯಾಗಿತ್ತು. ಪೇರಾವೂರಿನ ಜಿಮ್ಮಿ ಜಾರ್ಜ್ ಇಟಲಿಗೆ ಹೋಗಿ ಸಂಬಳಕ್ಕೆ ಆಡಿದ ಕತೆ ಕೇಳುತ್ತಾ ಬೆಳೆದವರಿಗೆ, ಆಟಕ್ಕೂ ಸಂಬಳ ಉಂಟು ಎಂಬುದನ್ನು ಕಣ್ಣಾರೆ ಕಂಡ ಹಾಗಾಯಿತು.

ಮುಂದಿನ ಬೇಸಗೆಗೆ ಆರು ಮಂದಿ ಯಜಮಾನರು ಸಿಕ್ಕಿದರು. ಜಿನಸಿನ ಅಂಗಡಿಯವರು, ಜೆಸಿಬಿಯವರು, ಗಲ್ಫಿನಿಂದ ರಜೆಗೆ ಬಂದವರು. ವಾಚನಾಲಯದ ಜಗಲಿಯಲ್ಲೇ ಆಟಗಾರರ ಹರಾಜು. ಎಲ್ಲರಿಗಿಂತ ಹೆಚ್ಚು ಬೆಲೆ ಬಂದದ್ದು ಒಬ್ಬ ಲಿಫ್ಟರನಿಗೆ: ಐದು ಸಾವಿರ ರೂಪಾಯಿ. ಕೆಂಪುಕಲ್ಲಿನ ಕೋರೆಯಲ್ಲಿ ಅವನ ಕೆಲಸ. ಬೆರಳ ತುದಿ ಕಲ್ಲಿನಷ್ಟೇ ಒರಟು. ಅದೇ ಬೆರಳಲ್ಲಿ ಚೆಂಡನ್ನು ಎತ್ತಿ ಕೊಟ್ಟರೆ ಹೂವು ಇಟ್ಟ ಹಾಗೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಊರಿಗೆಲ್ಲ ಅವನು 'ಇಚ್ಚ'. ಜಾತಿಯವರಿಗೂ, ಬೇರೆಯವರಿಗೂ.

ಪಂದ್ಯಗಳು ನಡೆಯುತ್ತಿದ್ದಂತೆ ಎರಡು ತಂಡಗಳ ಯಜಮಾನರು ಕೈಬಿಟ್ಟರು. ನಾಲ್ಕು ತಂಡದಲ್ಲಿ ಹೇಗೋ ಮುಗಿಸಿದೆವು, ಆದರೆ ಪೆಟ್ಟಿಗೆ ಖಾಲಿ. ಆಗ ಯಾರೋ ಹೇಳಿದರು, "ಆಲ್ ಸ್ಟಾರ್ ಒಂದು ಮಾಡುವ ಮಾಷ್ಟ್ರೇ. ಗೆದ್ದ ತಂಡ ಒಂದು ಕಡೆ, ಉಳಿದವರಲ್ಲಿ ಆಯ್ದವರು ಇನ್ನೊಂದು ಕಡೆ. ಜನ ಬರ್ತಾರೆ."

ಜನ ಬಂದರು. 2020ರ ಮಾರ್ಚ್ ಮೊದಲ ವಾರ. ಬದಿಯಡ್ಕ, ಮುಳ್ಳೇರಿಯ ಕಡೆಯಿಂದಲೂ ಜೀಪು ಮಾಡಿಕೊಂಡು ಬಂದಿದ್ದರು. ಆಯ್ದವರ ತಂಡದಲ್ಲಿ ಇಚ್ಚ ಲಿಫ್ಟರ್. ಮೊದಲ ಸೆಟ್ಟು ನಗೆಪಾಟಲು. ಒಬ್ಬ "ನನಗೆ" ಎನ್ನುತ್ತಾನೆ, ಒಬ್ಬ ತುಳುವಿನಲ್ಲಿ "ಬುಡು" ಎನ್ನುತ್ತಾನೆ, ಇನ್ನೊಬ್ಬ ಮಲಯಾಳದಲ್ಲಿ "ಎಡುಕ್ಕ್" ಎನ್ನುತ್ತಾನೆ. ಚೆಂಡು ಮೂವರ ನಡುವೆ ನೆಲಕ್ಕೆ. ಸೆಟ್ಟು ಮುಗಿದಾಗ ಇಚ್ಚ ಎಲ್ಲರನ್ನೂ ಕರೆದು ಏನೋ ಹೇಳಿದ. ಆಮೇಲೆ ಅಂಗಣದಲ್ಲಿ ಮಾತೇ ಇಲ್ಲ. ಅವನು ಬೆನ್ನ ಹಿಂದೆ ಬೆರಳು ತೋರಿಸುತ್ತಿದ್ದ. ಒಂದೆಂದರೆ ಎಡದಿಂದ, ಎರಡೆಂದರೆ ನಡುವಿನಿಂದ. ಎರಡು ಸೆಟ್ಟು ಗೆದ್ದರು. ಕೊನೆಗೆ ಐದನೆಯ ಸೆಟ್ಟಿನಲ್ಲಿ 15–13ಕ್ಕೆ ಸೋತರು. ಅಂಥ ಆಟ ನಮ್ಮೂರು ಮೊದಲು ನೋಡಿರಲಿಲ್ಲ, ಮತ್ತೆಯೂ ನೋಡಲಿಲ್ಲ.

ರಾತ್ರಿ ಹನ್ನೆರಡಕ್ಕೆ ಬಕೆಟಿನ ಹಣ ಎಣಿಸಿದೆ. ಜನರೇಟರಿನವ ಎದುರೇ ನಿಂತಿದ್ದ, ಅವನಿಗೆ ಕೊಟ್ಟೆ. ಲೈಟು, ಮೈಕು, ಬ್ಯಾನರು, ಊಟ, ಕೇಳಿದವರಿಗೆಲ್ಲ ಕೊಟ್ಟೆ. ಆಟಗಾರರಿಗೆ ಅಷ್ಟಿಷ್ಟು ಹಂಚಿದೆ. ಇಚ್ಚ ಕೇಳಲಿಲ್ಲ. ಕೇಳದವನಿಗೆ ಉಳಿಯಲೂ ಇಲ್ಲ. "ಮುಂದಿನ ವಾರ ಇಚ್ಚಾ" ಎಂದೆ. "ಆಯ್ತು ಮಾಷೆ" ಎಂದು ಸೈಕಲ್ ಹತ್ತಿದ.

ಮುಂದಿನ ವಾರ ಎಲ್ಲಿ ಬಂತು? ಕೊರೋನಾ ಬಂತು. ತಲಪಾಡಿಯಲ್ಲಿ ಗಡಿ ಮುಚ್ಚಿತು, ಕೋರೆ ನಿಂತಿತು. ಗಡಿ ತೆರೆದ ಮೇಲೆ ಇಚ್ಚ ಗಲ್ಫಿಗೆ ಹೋದ. ಸಮಿತಿಯಲ್ಲಿ ನಾನು ಬಾಕಿಯ ಮಾತೆತ್ತಿದಾಗ ಹಿರಿಯರೊಬ್ಬರು, "ಊರಿನ ಹೆಮ್ಮೆಗೆ ಆಡಿದ್ದಲ್ವಾ? ಅದಕ್ಕೆಲ್ಲ ಲೆಕ್ಕ ಇಡ್ಲಿಕ್ಕುಂಟಾ?" ಎಂದರು. ಒಪ್ಪಿಕೊಂಡೆ. ಒಪ್ಪುವುದು ಸುಲಭವಿತ್ತು. ಪುಸ್ತಕದ ಕೊನೆಯ ಸಾಲು ಮಾತ್ರ ಹಾಗೇ ಉಳಿಯಿತು: ಬಾಕಿ 5,000.

ಕಳೆದ ಮಳೆಗಾಲ ಬಾಸ್ಕೆಟ್‌ಬಾಲಿನ ಚರಿತ್ರೆ ಓದುತ್ತಿದ್ದಾಗ ಒಂದು ಕಡೆ ನಿಂತುಬಿಟ್ಟೆ. ಅಮೆರಿಕದಲ್ಲಿ 1967ರಲ್ಲಿ ಎಬಿಎ ಎಂಬ ಲೀಗ್ ಹುಟ್ಟಿತು. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡು ಅವರದು. 1976ರ ಹೊತ್ತಿಗೆ ಉಳಿದದ್ದು ಏಳೇ ತಂಡ. ಎರಡು ಬಣ ಮಾಡುವಷ್ಟು ತಂಡಗಳಿಲ್ಲದೆ, ಆ ಜನವರಿ 27ರ ಆಲ್ ಸ್ಟಾರ್ ಪಂದ್ಯದಲ್ಲಿ ಮುಂದಿದ್ದ ಡೆನ್ವರ್ ತಂಡವೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಥೇಟ್ ನಮ್ಮದೇ ಲೆಕ್ಕ! ಡೆನ್ವರ್ 144–138ಕ್ಕೆ ಗೆದ್ದಿತು. ಜನರನ್ನು ಸೆಳೆಯಲು ವಿರಾಮದಲ್ಲಿ ಚೆಂಡನ್ನು ಹಾರಿ ಬುಟ್ಟಿಗೆ ತುರುಕುವ ಸ್ಪರ್ಧೆ ಇಟ್ಟರು. ಜೂಲಿಯಸ್ ಅರ್ವಿಂಗ್ 15 ಅಡಿ ದೂರದ ಗೆರೆಯಿಂದ ಹಾರಿ ಗೆದ್ದ. ಆರು ತಿಂಗಳೊಳಗೆ ಲೀಗ್ ಮುಚ್ಚಿತು, ನಾಲ್ಕು ತಂಡಗಳು ದೊಡ್ಡ ಲೀಗಾದ ಎನ್‌ಬಿಎ ಸೇರಿದವು.

ನನ್ನನ್ನು ನಿಲ್ಲಿಸಿದ್ದು ಆ ಹಾರುವಿಕೆಯಲ್ಲ. ಸೇಂಟ್ ಲೂಯಿಸ್ ತಂಡಕ್ಕೆ ಎನ್‌ಬಿಎಯಲ್ಲಿ ಜಾಗ ಸಿಗಲಿಲ್ಲ. ಅದರ ಒಡೆಯರಾದ ಸಿಲ್ನಾ ಸಹೋದರರು ಒಂದು ಕಾಗದ ಬರೆಸಿಕೊಂಡರು: ಸೇರಿದ ನಾಲ್ಕು ತಂಡಗಳ ಟಿ.ವಿ. ಆದಾಯದಲ್ಲಿ ಏಳರಲ್ಲೊಂದು ಪಾಲು, ಕೊನೆಯಿಲ್ಲದೆ. ತಂಡ ಹೋಯಿತು, ಪಾಲು ಬರುತ್ತಲೇ ಇತ್ತು. 2014ರಲ್ಲಿ ಸುಮಾರು 50 ಕೋಟಿ ಡಾಲರ್ ಕೊಟ್ಟು ಅದರ ಹೆಚ್ಚಿನ ಭಾಗವನ್ನು ಬಿಡಿಸಿಕೊಳ್ಳಬೇಕಾಯಿತು. ಲೀಗ್ ಸತ್ತರೂ ಲೆಕ್ಕ ಸಾಯುವುದಿಲ್ಲ. ಕಾಗದ ಇದ್ದವರದ್ದು ಸಾಯಲಿಲ್ಲ, ಅಷ್ಟೆ. ಇಚ್ಚನ ಕೈಯಲ್ಲಿ ಕಾಗದ ಇರಲಿಲ್ಲ. ಇದ್ದದ್ದು ನನ್ನ ಮಾತು.

ಇಚ್ಚ ಈ ವರ್ಷ ಊರಿಗೆ ಬಂದ. ಮೊಣಗಂಟು ಹೋಗಿದೆ, ಕುಂಟುತ್ತಾನೆ. ಸಂಜೆ ಅವನ ಮನೆಗೆ ಹೋಗಿ ಲಕೋಟೆ ಮುಂದಿಟ್ಟೆ. ನನ್ನ ಕೈಯಿಂದ ಹಾಕಿದ ಹಣ. ಅವನು ನಕ್ಕು ಬೇಡವೆನ್ನುತ್ತಾನೆ, ಊರಿನ ಮಕ್ಕಳಿಗೆ ಚೆಂಡು ತರಿಸಿ ಎನ್ನುತ್ತಾನೆ ಎಂದು ಎಣಿಸಿದ್ದೆ. ಸತ್ಯ ಹೇಳಬೇಕೆಂದರೆ, ಹಾಗೆ ಹೇಳಲಿ ಎಂದು ಒಳಗೊಳಗೇ ಆಸೆಯೂ ಇತ್ತು.

ಅವನು ಲಕೋಟೆ ಬಿಚ್ಚಿದ. ನೋಟುಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಅಂಗಿಯ ಜೇಬಿಗಿಟ್ಟು, ಒಳಗಿದ್ದ ಮಗಳನ್ನು ಕರೆದು ಹೇಳಿದ:

"ನೋಡು, ಉಪ್ಪನಿಗೆ ವಾಲಿಬಾಲ್ ಆಡಿದ್ದಕ್ಕೆ ಸಂಬಳ ಬಂತು."

ಚಾ ಕುಡಿದು ಹೊರಟೆ. ಮನೆಗೆ ಬಂದು ಪುಸ್ತಕದ ಕೊನೆಯ ಸಾಲಿನ ಮುಂದೆ 'ಸಂದಾಯ' ಎಂದು ಬರೆದು ತಾರೀಕು ಹಾಕಿದೆ. ನಮ್ಮ ಲೀಗ್ ಮುಗಿದದ್ದು ಆ ದಿನ.